ಛತ್ರಿ ಹಿಡಿದ ಹೀರೋ: ಗೆಳೆಯನಿಗೊಂದು ಪತ್ರ

ಡೈರೆಕ್ಟ್ರೇ,

ಹೇಗಿದ್ದೀಯ ಅಂತ ಕೇಳಲ್ಲ. ರಾತ್ರಿ ಒಂದೂವರೆಗೆ ಸ್ಟೇಟಸ್ ಹಾಕಿದ್ದೀಯ ಅಂದಮೇಲೆ ಮಗು ಇನ್ನೂ ಮಲಗಲು ಬಿಡುತ್ತಿಲ್ಲ ಅಂತಲೇ ಅರ್ಥ. ಇದನ್ನ ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಅಲ್ಲಿ ನೀನು ಒಂದು ಹೆಬ್ಬೆರಳು ಒತ್ತಿ ಮುಗಿಸಿಬಿಡುತ್ತೀಯ. ಇಲ್ಲಿ ಹಾಕಿದರೆ ನಾಲ್ಕು ಜನ ನೋಡುತ್ತಾರೆ, ಮರ್ಯಾದೆಗಾದರೂ ಉತ್ತರ ಬರೆಯುತ್ತೀಯ. (ಉಳಿದವರೂ ಓದಿ, ಪರವಾಗಿಲ್ಲ. ಇವನು ಮಾಡಿದ ಸಿನಿಮಾದ ಎಮ್ಮೆ ಸೀನ್ ಬಗ್ಗೆ ಮಾತ್ರ ಯಾರೂ ಕೇಳಬೇಡಿ.)

ವಿಷಯ ಏನಂದ್ರೆ, ಶನಿವಾರ ಕೊನೆಗೂ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ನೋಡಿದೆ. ಜಗತ್ತಿನ ಅತಿ ಕೆಟ್ಟ ಸಿನಿಮಾ ಅಂತ ಹೆಸರು ಹೊತ್ತಿದ್ದು, ಹಾಲಿವುಡ್ಡಿನ ಎಡ್ ವುಡ್ ಮಾಡಿದ್ದು. ನಾವಿಬ್ಬರೂ ನೋಡದೇ ವರ್ಷಗಟ್ಟಲೆ ಮಾತಾಡಿದ್ದೀವಲ್ಲ, ಅದೇ. ನಗೋಕೆ ಅಂತಲೇ ಕೂತೆ, ಚುರುಮುರಿ ಕಲಸಿಕೊಂಡು. ನಕ್ಕಿದ್ದೂ ಹೌದು. ಸ್ಮಶಾನದಲ್ಲಿ ಯಾರದೋ ಕಾಲು ತಾಗಿದರೆ ಗೋರಿಕಲ್ಲು ಅಲ್ಲಾಡುತ್ತೆ. ವಿಮಾನದ ಕಾಕ್‌ಪಿಟ್ಟಿಗೆ ಬಾಗಿಲಿನ ಬದಲು ಬಚ್ಚಲುಮನೆಯಂಥ ಪರದೆ. ಒಂದೇ ಸೀನಿನಲ್ಲಿ ಒಂದು ಶಾಟ್ ಹಗಲು, ಮುಂದಿನದು ರಾತ್ರಿ, ಮತ್ತೆ ಹಗಲು.

ಆಮೇಲೆ ಬೇಲಾ ಲುಗೋಸಿ ಬಂದ. 1931ರಲ್ಲಿ ಡ್ರಾಕುಲಾ ಆಗಿ ಊರೆಲ್ಲ ಹೆದರಿಸಿದವನು. ಈಗ ಮುದುಕ. ಮನೆಯಿಂದ ಹೊರಗೆ ಬರುತ್ತಾನೆ, ಒಂದು ಹೂ ಮೂಸುತ್ತಾನೆ, ಹೋಗುತ್ತಾನೆ. ಮಾತಿಲ್ಲ. ಆ ಚೂರುಪಾರು ಶೂಟ್ ಮಾಡಿಟ್ಟಿದ್ದರಷ್ಟೇ, 1956ರ ಆಗಸ್ಟಿನಲ್ಲಿ ಲುಗೋಸಿ ತೀರಿಕೊಂಡ. ವುಡ್ ಬಿಡಲಿಲ್ಲ. ಇದ್ದಷ್ಟು ಫಿಲಂ ಸುತ್ತಲೇ ಕಥೆ ಕಟ್ಟಿದ. ಉಳಿದ ಸೀನುಗಳಿಗೆ ಹೆಂಡತಿಯ ಕೈರೋಪ್ರಾಕ್ಟರನ್ನ, ಅಂದ್ರೆ ಬೆನ್ನು ಕತ್ತಿನ ನೆಟಿಗೆ ತೆಗೆಯುವವನನ್ನ, ಕರೆತಂದು ನಿಲ್ಲಿಸಿದ. ಅವನೋ ಲುಗೋಸಿಗಿಂತ ಉದ್ದ, ಮುಖಕ್ಕೂ ಮುಖಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಆ ಪುಣ್ಯಾತ್ಮ ಬಂದಾಗಲೆಲ್ಲ ಕರಿ ನಿಲುವಂಗಿಯನ್ನ ಮೂಗಿನವರೆಗೆ ಎತ್ತಿ ಹಿಡಿದುಕೊಂಡೇ ಓಡಾಡುತ್ತಾನೆ.

ಚುರುಮುರಿ ಅಲ್ಲೇ ನಿಂತಿತು ಕಣೋ. ಛತ್ರಿ ನೆನಪಾಯ್ತು.

ಕೆಟ್ಟ ಸಿನಿಮಾ ಅಂತ ನಾವು ಯಾವುದನ್ನ ಅಂತೀವಿ ನೋಡು. ಎಷ್ಟೋ ಸಿನಿಮಾ ಶುಕ್ರವಾರ ಬಂದು, ಸೋಮವಾರಕ್ಕೆ ಪೋಸ್ಟರಿನ ಮೇಲೆ ಇನ್ನೊಂದು ಪೋಸ್ಟರ್ ಅಂಟಿಸಿಕೊಂಡು ಮಾಯವಾಗುತ್ತವೆ. ಅವು ಬರೀ ಬೋರು. ಲೆಕ್ಕ ಹಾಕಿ ಮಾಡಿದ್ದು, ಲೆಕ್ಕ ತಪ್ಪಿದ್ದು. ಯಾರೂ ಅವನ್ನ ನೆನಪಿಟ್ಟುಕೊಂಡು ಬೈಯೋದಿಲ್ಲ. ಅರವತ್ತು ವರ್ಷ ಆದಮೇಲೂ ಜನ ಕೂತು ನಗಬೇಕು ಅಂದ್ರೆ ಅದರೊಳಗೆ ಒಬ್ಬ ಮನುಷ್ಯ ಪೂರ್ತಿ ನಂಬಿಕೊಂಡು ನಿಂತಿರಬೇಕು. 'ದಿ ರೂಮ್' ತಗೋ, 2003ರದ್ದು. ಟಾಮಿ ವೈಸೋ ತಾನೇ ಬರೆದು, ತಾನೇ ದುಡ್ಡು ಹಾಕಿ, ತಾನೇ ನಿರ್ದೇಶಿಸಿ, ತಾನೇ ಹೀರೋ ಆದ. ಅರವತ್ತು ಲಕ್ಷ ಡಾಲರ್ ಸುರಿದ ಅಂತಾರೆ. ಲೋಕವೆಲ್ಲ ಕ್ಯಾಮೆರಾ ಬಾಡಿಗೆಗೆ ತಂದರೆ ಇವನು ಕೊಂಡೇ ಬಿಟ್ಟ. ಫಿಲಂ ಒಂದು, ಡಿಜಿಟಲ್ ಒಂದು, ಎರಡನ್ನೂ ಪಕ್ಕಪಕ್ಕ ಕೂರಿಸಿ ಒಟ್ಟಿಗೇ ಓಡಿಸಿದ. ಯಾಕೆ ಅಂತ ಕೇಳಬೇಡ. ನಾಯಕಿಯ ಅಮ್ಮ ಒಂದು ಸೀನಿನಲ್ಲಿ ತನಗೆ ಸ್ತನ ಕ್ಯಾನ್ಸರ್ ಅಂತಾಳೆ, ಮನೆಯಲ್ಲಿ ಅಕ್ಕಿ ಮುಗಿದಿದೆ ಅನ್ನೋ ಧಾಟಿಯಲ್ಲಿ. ಸಿನಿಮಾ ಮುಗಿದರೂ ಮತ್ತೆ ಆ ಮಾತಿಲ್ಲ. ಹೀರೋ ಮನೆಯಲ್ಲಿ ಚಮಚದ ಫೋಟೋಗೆ ಫ್ರೇಮ್ ಹಾಕಿಟ್ಟಿದೆ, ಅದು ಕಂಡಾಗಲೆಲ್ಲ ಮಧ್ಯರಾತ್ರಿ ಶೋಗಳಲ್ಲಿ ಜನ ಪರದೆ ಕಡೆ ಪ್ಲಾಸ್ಟಿಕ್ ಚಮಚ ಎಸೆಯುತ್ತಾರೆ.

ಆದರೆ ನನಗೆ ಕೊರೆಯುತ್ತಿರುವುದು ಅವನ ಸುತ್ತ ಇದ್ದವರ ವಿಷಯ. ಕ್ಯಾನ್ಸರ್ ಏನಾಯ್ತು ಸಾರ್ ಅಂತ ಆ ಸೆಟ್ಟಿನಲ್ಲಿ ಒಬ್ಬರಿಗೂ ಅನ್ನಿಸಿರಲ್ವಾ? ಅನ್ನಿಸಿರುತ್ತೆ. ಅದರಲ್ಲಿ ನಟಿಸಿದ ಗ್ರೆಗ್ ಸೆಸ್ಟೆರೋ 2013ರಲ್ಲಿ ಪುಸ್ತಕವನ್ನೇ ಬರೆದ. ಕೆಲವರು ಹೇಳಿ ನೋಡಿದರಂತೆ, ಕೆಲವರು ಬಿಟ್ಟು ಹೋದರಂತೆ. ಉಳಿದವರು ಸಂಬಳ ಎಣಿಸಿಕೊಂಡು ಸುಮ್ಮನಿದ್ದರು.

ಅವರಿಗೆ ಸಂಬಳದ ನೆಪವಾದರೂ ಇತ್ತು.

ನಿನ್ನ ಹದಿನೆಂಟು ನಿಮಿಷದ ಸಿನಿಮಾದ ಸ್ಕ್ರಿಪ್ಟ್ ನಾನು ಮೊದಲೇ ಓದಿದ್ದೆ. ಲಾಂಗ್ ಬುಕ್ಕಿನಲ್ಲಿ, ನಿನ್ನ ಹಸಿರು ಇಂಕಿನಲ್ಲಿ. ಹನ್ನೊಂದನೇ ಪುಟದಲ್ಲಿ ಕಥೆ ಮುಗ್ಗರಿಸುತ್ತೆ ಅಂತ ಅವತ್ತೇ ಗೊತ್ತಾಗಿತ್ತು. ಅಪ್ಪ ಸಾಲದ ವಿಷಯ ಮಗನಿಗೆ ಹೇಳಿಯಾದ ಮೇಲೆ ಮಗ ಕೊನೆಯಲ್ಲಿ ಹೌಹಾರೋದು ಹೇಗೆ? ಪೆನ್ಸಿಲ್ಲಿನಲ್ಲಿ ಒಂದು ಗೆರೆ ಹಾಕಿ ಕೊಟ್ಟಿದ್ದರೆ ಮುಗೀತಿತ್ತು. 'ಬೆಂಕಿ ಕಣೋ' ಅಂತ ವಾಪಸ್ ಕೊಟ್ಟೆ. ನೀನು ಬೇಜಾರು ಮಾಡಿಕೊಳ್ಳುತ್ತೀಯ ಅಂತ ಸುಮ್ಮನಾದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೀನಿ. ಸುಳ್ಳು. ಹೇಳಿದರೆ ನೀನು ಸರಿ ಮಾಡಿಬಿಡುತ್ತೀಯ ಅಂತ ಸುಮ್ಮನಾದೆ. ನನ್ನ ಕಥೆ ಆಗ ಇನ್ನೂ ತಲೆಯಲ್ಲೇ ಇತ್ತು. ಈಗಲೂ ಅಲ್ಲೇ ಇದೆ, ಬಾಡಿಗೆ ಕೊಡದೆ.

ಶೂಟಿಂಗಿನ ಮೂರನೇ ದಿನ ನಿನ್ನ ಹೀರೋ ಪುಣೆಯಲ್ಲಿ ಕೆಲಸ ಸಿಕ್ಕಿತು ಅಂತ ಬ್ಯಾಗ್ ಎತ್ತಿಕೊಂಡು ಹೊರಟ. ನೀನು ಅಡಿಕೆ ತೋಟದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಎದ್ದು ಹೋಗಿ ಚಿಕ್ಕಪ್ಪನ ಮರದ ಹಿಡಿಯ ಛತ್ರಿ ತಂದು, ಚಿಕ್ಕಪ್ಪನ ಮಗನ ಕೈಗೆ ಕೊಟ್ಟೆ. ಅರ್ಧ ಅಡಿ ಜಾಸ್ತಿ ಉದ್ದ ಇದ್ದ ಆ ಹುಡುಗನ ಮುಖ ಕಾಣದ ಹಾಗೆ ಎಷ್ಟು ಬಗ್ಗಿಸಬೇಕು ಅಂತ ನೀನೇ ಹಿಡಿದು, ನಡೆದು, ಮತ್ತೆ ನಡೆದು ತೋರಿಸಿದೆ. ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಾನು ಬೆಳಕು ತಿರುಗಿಸೋ ಥರ್ಮಾಕೋಲ್ ಹಿಡಿದು ಎದುರಿಗೇ ನಿಂತಿದ್ದೆ. ಅವತ್ತು ಸಂಜೆ ಟೀ ಅಂಗಡಿಯಲ್ಲಿ ಆ ನಡಿಗೆಯನ್ನ ಎಲ್ಲರಿಗೂ ಮೊದಲು ಮಾಡಿ ತೋರಿಸಿದವನು ನಾನು. 'ಡೈರೆಕ್ಟ್ರು' ಅನ್ನೋ ಹೆಸರು ಹುಟ್ಟಿದ್ದು ಅಲ್ಲಿ. ಪ್ರೀತಿಯಿಂದ ಇಟ್ಟಿದ್ದು ಅಂತ ನೀನು ಇಮೇಲ್ ಐಡಿಗೂ ಹಾಕಿಕೊಂಡೆ.

ಎಡ್ ವುಡ್ 1978ರ ಡಿಸೆಂಬರಿನಲ್ಲಿ ಹೋದ. 54 ವರ್ಷ. ಇದ್ದ ಮನೆಯಿಂದ ಹೊರಹಾಕಿದ್ದರು, ಗೆಳೆಯನ ಮನೆಯಲ್ಲಿ ಸತ್ತ. ಎರಡು ವರ್ಷ ಕಳೆದ ಮೇಲೆ ಮೆಡ್ವೆಡ್ ಅಣ್ಣತಮ್ಮಂದಿರ ಪುಸ್ತಕ ಬಂತು. ಅತಿ ಕೆಟ್ಟ ಸಿನಿಮಾ ಅನ್ನೋ ಪಟ್ಟ ಅದರಲ್ಲಿ ಕಟ್ಟಿದ್ದು.

ಅಯ್ಯೋ, ಇಷ್ಟೆಲ್ಲ ಬರೆಯೋಕೆ ಕೂತಿರಲಿಲ್ಲ ಮಾರಾಯ. ಸಿನಿಮಾ ಬಗ್ಗೆ ನಾಲ್ಕು ಸಾಲು ಅಂತ ಶುರು ಮಾಡಿದ್ದು. ವಯಸ್ಸಿನ ದೋಷ, ಇಲ್ಲಾ ಚುರುಮುರಿಗೆ ಹಾಕಿದ ಈರುಳ್ಳಿಯದು. ಕ್ಷಮೆ ಗಿಮೆ ಅಂತ ತಪ್ಪು ತಿಳಿಯಬೇಡ, ಮತ್ತೆ ನಾನು ಕೊಡಬೇಕಾದ 400 ರೂಪಾಯಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಆ ಫೈಲ್ ನಿನ್ನ ಹತ್ತಿರ ಇನ್ನೂ ಇದೆಯಾ? ನನ್ನ ಹಾರ್ಡ್ ಡಿಸ್ಕ್ ಯಾವಾಗಲೋ ಕೈಕೊಟ್ಟಿತು. ಇದ್ದರೆ ತಗೊಂಡು ಬಾ, ಮಗುವನ್ನೂ ಕರೆದುಕೊಂಡು ಬಾ. ಹನ್ನೊಂದನೇ ಪುಟ ಬಂದಾಗ ಸಿನಿಮಾ ನಿಲ್ಲಿಸಿ ಹೇಳುತ್ತೀನಿ. ಚಮಚ ಎಸೆಯಲ್ಲ. ಎಮ್ಮೆ ಸೀನಿಗೆ ಮಾತ್ರ ನಗುತ್ತೀನಿ, ಅದು ನನ್ನ ಹಕ್ಕು, ಒದೆ ತಿಂದವನು ನಾನು.

ಇಂತಿ,
ಥರ್ಮಾಕೋಲ್