ಪೋಷಕರಿಗೆ ಸೂಚನೆ: ಕಿಟಕಿಯಲ್ಲಿ ಇಣುಕಬೇಡಿ

ನಾಳೆಯಿಂದ ಮಕ್ಕಳನ್ನು ಒಂಬತ್ತು ಗಂಟೆಯೊಳಗೆ ಶಾಲೆಗೆ ಬಿಡಿ. ಮಡಿಕೇರಿಯ ಮಳೆಗೆ ಹತ್ತು ನಿಮಿಷ ವಿನಾಯಿತಿ. ನಿನ್ನೆ ನಾಲ್ಕು ವರ್ಷದ ಮಗುವೊಂದು ಕಾಫಿ ಬೀಜಗಳನ್ನು ಚಮಚದಲ್ಲಿ ಎತ್ತಿ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕುತ್ತಿತ್ತು. ಬಿದ್ದ ಬೀಜವನ್ನು ತಾನೇ ಹೆಕ್ಕಿ, ಮತ್ತೆ ಮೊದಲಿನಿಂದ ಶುರು. ಹೆಂಚಿನ ಮೇಲೆ ಹೊಡೆಯುತ್ತಿದ್ದ ಮಳೆಯ ಪರಿವೆಯೂ ಇರಲಿಲ್ಲ. ಕಿಟಕಿಯಿಂದ ಯಾರೋ ‘ಭಲೇ’ ಎಂದರು. ಚಮಚ ಕೆಳಗಿಟ್ಟ ಮಗು ಮತ್ತೆ ಅದನ್ನು ಮುಟ್ಟಲಿಲ್ಲ. (ಯಾರೆಂದು ಹೇಳುವುದಿಲ್ಲ, ಅವರಿಗೇ ಗೊತ್ತು!)

1907ರಲ್ಲಿ ರೋಮ್‌ನಲ್ಲಿ ಮೊದಲ ‘ಮಕ್ಕಳ ಮನೆ’ (ಪುಟ್ಟ ಮಕ್ಕಳ ಶಾಲೆ) ತೆರೆದ ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ ಕಂಡ ಪುಟ್ಟ ಹುಡುಗಿಯೊಬ್ಬಳು, ಮರದ ಸಿಲಿಂಡರುಗಳನ್ನು ಅವುಗಳ ಗುಳಿಗಳಲ್ಲಿ 40ಕ್ಕೂ ಹೆಚ್ಚು ಸಲ ಕೂರಿಸಿದಳು. ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರೂ ನಿಲ್ಲಿಸಲಿಲ್ಲ. ಹೀಗೆ ಕೆಲಸದಲ್ಲಿ ಮುಳುಗಿದ ಮಗುವಿಗೆ ಹೊಗಳಿಕೆಯೂ ಅಡ್ಡಿಯೇ. ಬೇಗ ಕರೆದೊಯ್ಯುವವರು ಹಿಂದಿನ ದಿನವೇ ತಿಳಿಸಿ.