ಒಮ್ಮೆ ಉಂಡು ಮತ್ತೆ ಹಸಿಯದ ವಿಲೇಜರ್

ಸಕಲೇಶಪುರ

ಪ್ರೀತಿಯ ಪುಟ್ಟಿ,

ನೀನು ಆಡುವ, ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟ ಏಜ್ ಆಫ್ ಎಂಪೈರ್ಸ್ 2ರಲ್ಲಿ ಒಬ್ಬ ವಿಲೇಜರ್ (ದುಡಿಯುವ ಹಳ್ಳಿಗ) ಬರಲು 50 ಆಹಾರ, 25 ಸೆಕೆಂಡು ಬೇಕು. ಆಮೇಲೆ ಆಟ ಮುಗಿಯುವವರೆಗೂ ಅವನು ಒಂದು ತುತ್ತು ಉಣ್ಣುವುದಿಲ್ಲ, ಜ್ವರ ಬಂದು ಮಲಗುವುದಿಲ್ಲ. ಸುಮ್ಮನೆ ನಿಂತರೆ ಮಾತ್ರ ಅವನನ್ನು ಹುಡುಕಿಕೊಡಲು ಒಂದು ಬಟನ್ ಇದೆ! ನಮ್ಮ ಕಡೆ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಮಳೆ ಹಿಡಿದು ಕೆಲಸ ನಿಂತ ವಾರವೂ ಒಲೆ ಉರಿಯಲೇಬೇಕು. ಆಟದಲ್ಲಿ 60 ಯೂನಿಟ್ ಮರ ಕೊಟ್ಟು ಹೊಲ ಮಾಡಿದರೆ ಆ ಕ್ಷಣದಿಂದಲೇ ಫಸಲು. ಇಲ್ಲಿ ಕಾಫಿ ಗಿಡ ನೆಟ್ಟವರು ಮೂರ್ನಾಲ್ಕು ವರ್ಷ ಕಾಯಬೇಕು, ಆಮೇಲೂ ಹೂಮಳೆ ಸಮಯಕ್ಕೆ ಬರಬೇಕು.

ಆಟದ ಚಿತ್ರ, ಸದ್ದು ಮರೆತುಹೋಗುತ್ತವೆ, ಈ ಲೆಕ್ಕ ತಲೆಯಲ್ಲಿ ಉಳಿದುಬಿಡುತ್ತದೆ. ಬೆಲೆ ಕಟ್ಟಿದ್ದನ್ನು ಉಳಿಸಲು ಕಲಿಯುತ್ತೀವಿ. ಬೆಲೆ ಕಟ್ಟದೇ ಬಿಟ್ಟದ್ದು ಕಣ್ಣಿಗೇ ಬೀಳುವುದಿಲ್ಲ.

ಇಂಥದ್ದೇ ಇನ್ನೊಂದು ಆಟ ಸಿವಿಲೈಜೇಶನ್ 6ಕ್ಕೆ 2019ರಲ್ಲಿ ಬಂದ ಗ್ಯಾದರಿಂಗ್ ಸ್ಟಾರ್ಮ್ ಎಂಬ ಹೆಚ್ಚುವರಿ ಭಾಗದಲ್ಲಿ ಅಣೆಕಟ್ಟು ಸೇರಿಸಿದರು. ನಕ್ಷೆಯಲ್ಲಿ ನದಿಯಂಚಿನ ಒಂದೇ ಒಂದು ಟೈಲ್‌ನಲ್ಲಿ ಕಟ್ಟಿದರೆ ನೆರೆಯ ಹಾನಿ ತಗ್ಗುತ್ತದೆ, ಊರಿಗೆ ವಸತಿ ಹೆಚ್ಚುತ್ತದೆ, ಕರೆಂಟಿಗೂ ದಾರಿಯಾಗುತ್ತದೆ. ಹಿನ್ನೀರು ಮಾತ್ರ ಇಲ್ಲವೇ ಇಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಅಂದರೆ ಏನೆಂದು ಮಳೆಗಾಲದಲ್ಲಿ ಶೆಟ್ಟಿಹಳ್ಳಿ ಚರ್ಚ್ ನೋಡಿದವರಿಗೆ ಹೇಳಬೇಕಿಲ್ಲ. ಆಟ ಮಾಡಿದವರದು ತಪ್ಪು ಅನ್ನುತ್ತಿಲ್ಲ, ಎಲ್ಲವನ್ನೂ ಎಣಿಸುತ್ತ ಕೂತರೆ ಆಡಲಿಕ್ಕಾಗುವುದಿಲ್ಲ.

ಒಂದು ವಿಷಯಕ್ಕೆ ಏಜ್ ಆಫ್ ಎಂಪೈರ್ಸ್‌ಗೆ ಪೂರ್ತಿ ಅಂಕ ಕೊಡುತ್ತೀನಿ. ಒಮ್ಮೆ ನೋಡಿಬಂದ ಜಾಗ ಮಬ್ಬಾದ ಮೇಲೆ, ಅಲ್ಲಿನ ಶತ್ರುವಿನ ಕಟ್ಟಡ ಬಿದ್ದುಹೋಗಿದ್ದರೂ ನಿನಗೆ ಹಾಗೇ ಕಾಣುತ್ತಿರುತ್ತದೆ. ಮತ್ತೆ ಸ್ಕೌಟ್ (ನೋಡಿಬರುವ ಸವಾರ) ಕಳಿಸಿದಾಗಲೇ ನಿಜ ತಿಳಿಯುವುದು.

ಈಗ ವಿಲೇಜರ್‌ಗಳ ಊಟಕ್ಕೂ ಬೆಲೆ ಬರುವ ಹಾಗೆ ಒಂದು ಕೆಲಸ ಮಾಡಿ ನೋಡು. ಏಜ್ ಆಫ್ ಎಂಪೈರ್ಸ್‌ನಲ್ಲಿ ನಮ್ಮದೇ ಆಟ ರೂಪಿಸುವ ಸಿನಾರಿಯೊ ಎಡಿಟರ್ ತೆಗೆದು ಒಂದು ಟ್ರಿಗರ್ (ಹೀಗಾದರೆ ಹೀಗೆ ಎಂಬ ನಿಯಮ) ಹಾಕು. ಕಂಡಿಷನ್‌ನಲ್ಲಿ ಟೈಮರ್, 60 ಸೆಕೆಂಡು. ಎಫೆಕ್ಟ್‌ನಲ್ಲಿ ಟ್ರಿಬ್ಯೂಟ್ (ಕಪ್ಪ): ಪ್ಲೇಯರ್ 1 ಆದ ನಿನ್ನಿಂದ ಗಾಯಾಗೆ, ಅಂದರೆ ಯಾವ ಆಟಗಾರನೂ ಅಲ್ಲದ ಪ್ರಕೃತಿಗೆ, 60 ಆಹಾರ. ಲೂಪಿಂಗ್ ಆನ್ ಮಾಡುವುದನ್ನು ಮರೆಯಬೇಡ, ಮರೆತರೆ ಒಂದೇ ಸಲ ಕಡಿತವಾಗಿ ಸುಮ್ಮನಾಗುತ್ತದೆ. 500 ಅಂತೆಲ್ಲ ಹಾಕಬೇಡ, ಆಟದ ಎರಡನೇ ಹಂತವಾದ ಫ್ಯೂಡಲ್ ಏಜ್‌ಗೇ 500 ಆಹಾರ ಬೇಕು, ಅಲ್ಲಿಗೆ ತಲುಪುವುದೇ ಇಲ್ಲ. ಊರಿನ ಮುಖ್ಯ ಕಟ್ಟಡ ಟೌನ್ ಸೆಂಟರ್ ಬಿಡುವಿಲ್ಲದೆ ವಿಲೇಜರ್‌ಗಳನ್ನು ಕಳಿಸುತ್ತಿದ್ದರೆ ನಿಮಿಷಕ್ಕೆ 120 ಆಹಾರ ಖರ್ಚು. ಅದರ ಅರ್ಧದಷ್ಟು ಊಟಕ್ಕೇ ಹೋದರೆ ನೀನು ಬಾಯಿಪಾಠ ಮಾಡಿರುವ ಶುರುವಿನ ಲೆಕ್ಕವೆಲ್ಲ ತಲೆಕೆಳಗು. ಆದರೆ ಇದರಲ್ಲೊಂದು ಕೊರತೆ ಇದೆ: ಮೂವರಿದ್ದರೂ 60, ಮೂವತ್ತು ಜನ ಇದ್ದರೂ 60. ಅದಕ್ಕೆ ಇನ್ನೊಂದು ಟ್ರಿಗರ್ ಬೇಕು. ಅದೇ ಟೈಮರ್ ಜೊತೆಗೆ ನಿನ್ನ ಬಳಿ ಎಷ್ಟು ಜನ ಇದ್ದಾರೆಂದು ನೋಡುವ ಓನ್ ಆಬ್ಜೆಕ್ಟ್ಸ್ ಕಂಡಿಷನ್ ಸೇರಿಸಿ, 20 ಜನ ದಾಟಿದ ಮೇಲೆ ಹೆಚ್ಚಿನ ಕಡಿತ ಶುರುವಾಗುವ ಹಾಗೆ ಮಾಡು.

ಸೋಲುವ ಹಾಗಾದಾಗ ಮೊದಲೇ ಉಳಿಸಿಟ್ಟ ಹಳೆ ಸೇವ್‌ಗೆ ಮಾತ್ರ ಓಡಬೇಡ. ಹಾಗೆ ಮಾಡಿದರೆ ಯಾವ ತೀರ್ಮಾನದ ಬೆಲೆಯೂ ಗೊತ್ತಾಗುವುದಿಲ್ಲ.

ಭಾನುವಾರ ಹಾಸ್ಟೆಲ್‌ನಿಂದ ಫೋನ್ ಮಾಡಿದಾಗ ಫ್ಯೂಡಲ್ ಏಜ್ ಎಷ್ಟನೇ ನಿಮಿಷಕ್ಕೆ ಬಂತು, ಮೊದಲು ಯಾವ ಖರ್ಚು ಕಡಿಮೆ ಮಾಡಿದೆ ಹೇಳು. ಸೈನ್ಯಕ್ಕೆ ಕತ್ತರಿ ಹಾಕಿದೆಯೋ, ವಿಲೇಜರ್‌ಗಳಿಗೋ?

ನಿನ್ನ
ಅಮ್ಮ