ಗಾರೆಯನ್ನೂ ನೆನೆಯಿರಿ

ಮಾನ್ಯರೇ,

ಇಟಲಿಯ ಪುನರುಜ್ಜೀವನ (ರಿನೇಸಾನ್ಸ್) ಕಾಲದ ಕಲೆಯ ಬಗ್ಗೆ ಬರೆಯುವವರು ಕಲಾವಿದರ ಪ್ರತಿಭೆಯನ್ನು ಕೊಂಡಾಡಿ, ಗಾರೆ ಕೆಲಸವನ್ನು ಮರೆಯುತ್ತಾರೆ. ಹಸಿ ಗಾರೆಯ ಮೇಲೆ ಬರೆಯುವ ಫ್ರೆಸ್ಕೊ ಎಂಬ ಗೋಡೆಚಿತ್ರಕ್ಕೆ ಅರಳಿಸಿದ ಸುಣ್ಣ, ಮರಳು ಬೆರೆಸಿ ಮೊದಲು ಒರಟು ಪದರ ಬಳಿಯುತ್ತಿದ್ದರು. ಅದರ ಮೇಲೆ ನಯವಾದ ತೆಳು ಪದರ, ಅದೂ ಆ ದಿನ ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ. ಅದು ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಾಗ ಬಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ತಪ್ಪಾದರೆ ಆ ಭಾಗದ ಗಾರೆಯನ್ನೇ ಕೆತ್ತಿ ತೆಗೆಯಬೇಕು.

ನಿಧಾನವಾಗಿ ತಿದ್ದಿ ಬರೆಯುತ್ತಿದ್ದ ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿಗೆ ಈ ಅವಸರ ಒಗ್ಗಲಿಲ್ಲ. ಮಿಲಾನ್ ನಗರದ ‘ಕೊನೆಯ ಭೋಜನ’ ಚಿತ್ರವನ್ನು ಒಣಗೋಡೆಯ ಮೇಲೆ ಬರೆದ, ಕೆಲವೇ ದಶಕಗಳಲ್ಲಿ ಬಣ್ಣ ಚಕ್ಕೆ ಎದ್ದಿತು. 1999ರಲ್ಲಿ ಮುಗಿದ ದುರಸ್ತಿಗೆ ಎರಡು ದಶಕ ಹಿಡಿಯಿತು. ನಿಮ್ಮ ಕಲಾಪುಟ ಈ ಕುಶಲತೆಗೂ ಜಾಗ ಕೊಡಲಿ.